ಕಾಲೇಜಿನ ಸೈನ್ಸ್ ಚಾರ್ಟ್ ಪ್ರಿಂಟ್ ಮಾಡಿಸೋರಿಗೆ: ಶಿರಸಿ ದೇವಿಕೆರೆ ಹತ್ತಿರದ ಡಿಟಿಪಿ ಅಂಗಡಿ

ಮದುವೆ ಕಾರ್ಡ್, ಜಾತ್ರೆ ಬ್ಯಾನರ್, ಯಕ್ಷಗಾನದ ಕರಪತ್ರ ಪ್ರಿಂಟ್ ಮಾಡುವ ಅಂಗಡಿಗಳು ಶಿರಸಿಯಲ್ಲಿ ಬೇಕಾದಷ್ಟಿವೆ. ವಿಜ್ಞಾನದ ಚಾರ್ಟ್ ಕೊಟ್ಟರೆ ಅದನ್ನು ಕೂತು ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ಪ್ರಿಂಟ್‌ಗೆ ಹಾಕುವ ಅಂಗಡಿ ನನಗೆ ಸಿಕ್ಕಿದ್ದು ಇದೊಂದೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಶಾಲೆ ಕಾಲೇಜಿನ ಶಿಕ್ಷಕರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೀತಾ ಇದ್ದೀನಿ. ಐದಕ್ಕೆ ನಾಲ್ಕು ಸ್ಟಾರ್.

ನಾನು ಪ್ರಾಣಿಶಾಸ್ತ್ರ ಪಾಠ ಮಾಡ್ತೀನಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಬಿ.ಎಸ್ಸಿ ಮಕ್ಕಳು ಒಂದು ದೊಡ್ಡ ಚಾರ್ಟ್ ಸಿದ್ಧ ಮಾಡಿದ್ದರು. ಅವರು ಆರಿಸಿಕೊಂಡ ಪ್ರಶ್ನೆ ಇದು: ಒಂದೇ ವಯಸ್ಸಿನ ಇಲಿಗಳಿಗೆ, ಒಂದೇ ವೈರಸ್ಸನ್ನು, ಒಂದೇ ಪ್ರಮಾಣದಲ್ಲಿ ಕೊಟ್ಟರೂ ಕೆಲವು ತಳಿಯ ಇಲಿಗಳ ಕಾಲು ಬಿಗಿದುಹೋಗುತ್ತೆ, ಕೆಲವು ತಳಿಯವು ಹುಷಾರಾಗಿ ಓಡಾಡಿಕೊಂಡಿರುತ್ತವೆ, ಯಾಕೆ? ಇಲ್ಲಿ ಯಾವ ಇಲಿಯನ್ನೂ ಮುಟ್ಟಲಿಲ್ಲ. ಪ್ರಕಟವಾಗಿರುವ ಸಂಶೋಧನೆ ಓದಿ, ಚಿತ್ರಗಳನ್ನು ಮಕ್ಕಳೇ ಕೈಯಲ್ಲಿ ಬಿಡಿಸಿ ಬಣ್ಣ ಹಾಕಿದ್ದರು. ತುಂಬಾ ಶ್ರಮದ ಕೆಲಸ ಅದು.

ವೈರಸ್ ಯಾವುದು ಅಂದರೆ ಥೈಲರ್ ವೈರಸ್. ಹಳದಿ ಜ್ವರದ ಲಸಿಕೆಗೆ 1951ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಥೈಲರ್ ಅವರೇ 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ, ಹಿಂಗಾಲು ಸೋತ ಇಲಿಗಳಲ್ಲಿ ಇದನ್ನು ಕಂಡುಹಿಡಿದರು. ಪೋಲಿಯೊ ವೈರಸ್ಸಿನ ಕುಟುಂಬದ್ದೇ. ಸಾಮಾನ್ಯವಾಗಿ ಇದು ಇಲಿಯ ಕರುಳಿನಲ್ಲಿ ತೊಂದರೆ ಕೊಡದೆ ಇರುತ್ತೆ, ಮೆದುಳಿಗೆ ಹೋದರೆ ಮಾತ್ರ ಕಷ್ಟ. 1975ರಲ್ಲಿ ಹೊವರ್ಡ್ ಲಿಪ್ಟನ್ ಅವರು ಇನ್ನೊಂದು ವಿಷಯ ತೋರಿಸಿದರು. ಮೊದಲ ಹಂತದ ಕಾಯಿಲೆಯಿಂದ ಉಳಿದುಕೊಂಡ ಇಲಿಗಳ ಬೆನ್ನುಹುರಿಯಲ್ಲಿ ವೈರಸ್ ಹಾಗೇ ಕೂತಿರುತ್ತೆ, ನಿಧಾನಕ್ಕೆ ನರತಂತುಗಳ ಸುತ್ತ ಇರುವ ಮಯಲಿನ್ ಪೊರೆ ಕಳಚುತ್ತಾ ಹೋಗುತ್ತೆ. ಮನುಷ್ಯರಲ್ಲೂ ಮಯಲಿನ್ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳೋಕೆ ಈ ಇಲಿಗಳನ್ನು ಇಷ್ಟು ವರ್ಷ ಅಭ್ಯಾಸ ಮಾಡುತ್ತಿರುವುದು ಅದಕ್ಕೇ.

ಈಗ ಅಂಗಡಿ ವಿಷಯಕ್ಕೆ ಬರ್ತೀನಿ. ಮೊದಲು ಬೇರೆ ಊರಿನ ಒಂದು ಪ್ರಿಂಟಿಂಗ್ ಅಂಗಡಿಗೆ ಫೈಲ್ ಕಳಿಸಿದ್ದೆವು. ಅಲ್ಲಿಂದ ಬಂದ ಪ್ರಿಂಟ್ ನೋಡಿ ಮಕ್ಕಳು ಅಳುವ ಹಾಗಾದರು. ನೀಲಿ ಎಲ್ಲ ನೇರಳೆ ಆಗಿತ್ತು. ನೋಡೋರಿಗೆ ಏನು ಮಹಾ ಅನ್ನಿಸಬಹುದು, ಆದರೆ ನಮ್ಮ ಚಿತ್ರದಲ್ಲಿ ಬಣ್ಣವೇ ವಿಷಯ. ಬೆನ್ನುಹುರಿಯ ತೆಳು ತುಂಡಿಗೆ ಲಕ್ಸಾಲ್ ಫಾಸ್ಟ್ ಬ್ಲೂ ಅನ್ನೋ ಬಣ್ಣ ಹಾಕಿದರೆ ಮಯಲಿನ್ ಇರುವ ಕಡೆ ನೀಲಿಯಾಗಿ ಕಾಣುತ್ತೆ. ಅದರ ಜೊತೆ ಕ್ರೆಸಿಲ್ ವಯಲೆಟ್ ಹಾಕಿದರೆ ಜೀವಕೋಶಗಳು ನೇರಳೆ ಆಗುತ್ತವೆ. ಕ್ಲೂವರ್ ಮತ್ತು ಬರೇರಾ 1953ರಲ್ಲಿ ಕೊಟ್ಟ ವಿಧಾನ, ಇವತ್ತಿಗೂ ಲ್ಯಾಬ್‌ಗಳಲ್ಲಿ ನಡೀತಾ ಇದೆ. ಬೆನ್ನುಹುರಿಯಲ್ಲಿ ಒಳಗಡೆ ಚಿಟ್ಟೆ ಆಕಾರದ ಬೂದು ಭಾಗ, ಸುತ್ತ ಹೊರಗಡೆ ಬಿಳಿ ಭಾಗ. ಮಯಲಿನ್ ಜಾಸ್ತಿ ಇರುವುದು ಆ ಹೊರಗಿನ ಭಾಗದಲ್ಲಿ. ಆರೋಗ್ಯದ ಇಲಿಯಲ್ಲಿ ಅದು ತುಂಬು ನೀಲಿ. ಕಾಯಿಲೆಯ ಇಲಿಯಲ್ಲಿ ಅಲ್ಲಲ್ಲಿ ನೀಲಿ ಹೋಗಿ ಬಿಳಿಚಿಕೊಂಡಿರುತ್ತೆ, ಆ ಬಿಳಿಚಿದ ಜಾಗದಲ್ಲಿ ನೇರಳೆ ಚುಕ್ಕೆಗಳು ಗುಂಪುಗಟ್ಟಿರುತ್ತವೆ, ಅಂದರೆ ರಕ್ತದಿಂದ ಬಂದು ಸೇರಿದ ಬಿಳಿ ರಕ್ತಕಣಗಳು. ನೀಲಿಯೇ ನೇರಳೆ ಆಗಿಬಿಟ್ಟರೆ ಆರೋಗ್ಯದ ಇಲಿಯ ಬೆನ್ನುಹುರಿ ತುಂಬ ಉರಿಯೂತ ಇದ್ದ ಹಾಗೆ ಕಾಣುತ್ತೆ. ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ! ಫೋನ್ ಮಾಡಿ ಹೇಳಿದರೆ ಅವರು "ಮಷೀನ್ ಹಂಗೇ ಮೇಡಂ, ನೀಲಿ ಬರ್ತದಲ್ಲ ಹೆಂಗೋ" ಅಂದರು. ಅಲ್ಲಿಗೆ ಆ ಮಾತು ಮುಗೀತು.

ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಈ ಅಂಗಡಿಗೆ ಹೋದದ್ದು. ಜಾಗ ಚಿಕ್ಕದು. ಮುಂದೆ ಝೆರಾಕ್ಸ್, ಒಳಗೆ ಎರಡು ಕಂಪ್ಯೂಟರ್, ಹಿಂದೆ ಪ್ರಿಂಟರ್. ಡಿಸೈನ್ ಮಾಡೋದು ಒಬ್ಬ ಹುಡುಗಿ, ಅಂಗಡಿ ನೋಡಿಕೊಳ್ಳೋದು ಅವಳ ಚಿಕ್ಕಪ್ಪ. ನಾನು ನೀಲಿ ವಿಷಯ ಹೇಳಿದ ಕೂಡಲೇ ಅವಳಿಗೆ ಕಾರಣ ಗೊತ್ತಾಯಿತು. ಕಂಪ್ಯೂಟರ್ ಪರದೆಯ ನೀಲಿ ಬೆಳಕಿನಿಂದ ಆಗುವುದು, ಪ್ರಿಂಟರ್ ಶಾಯಿಯ ನೀಲಿ ಬೇರೆ, ಸಯಾನ್ ಜೊತೆ ಮಜೆಂಟಾ ಜಾಸ್ತಿ ಸೇರಿದರೆ ನೇರಳೆ ಹೊಡೆಯುತ್ತೆ. ಅವಳು ಫೈಲನ್ನು ಶಾಯಿಯ ಬಣ್ಣಕ್ಕೆ ಬದಲಾಯಿಸಿ, ಮಜೆಂಟಾ ಇಳಿಸಿ, ನಾಲ್ಕೈದು ಬಗೆಯ ನೀಲಿ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಕೈಗೆ ಕೊಟ್ಟಳು. ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ ಆರಿಸಿ ಅಂದಳು. ಒಳಗಿನ ಟ್ಯೂಬ್‌ಲೈಟ್‌ನಲ್ಲಿ ಬಣ್ಣ ಸರಿ ಗೊತ್ತಾಗೋದಿಲ್ಲವಂತೆ. ಹೀಗೆ ಮಾಡೋ ಅಂಗಡಿ ಎಲ್ಲಿದೆ ಹೇಳಿ?

ಇನ್ನೂ ದೊಡ್ಡ ಉಪಕಾರ ಆಮೇಲೆ ಆಯಿತು. ಚಾರ್ಟಿನ ನಡುವೆ ಎರಡು ಇಲಿಗಳ ಚಿತ್ರ ಇತ್ತು. ಎಡಗಡೆ ಕಪ್ಪು ಇಲಿ, ಅದು ಬ್ಲ್ಯಾಕ್ ಸಿಕ್ಸ್ ಅಂತ ಎಲ್ಲ ಲ್ಯಾಬ್‌ಗಳಲ್ಲೂ ಕರೆಯುವ ತಳಿ. ಇದು ಥೈಲರ್ ವೈರಸ್ಸನ್ನು ಎರಡು ಮೂರು ವಾರದಲ್ಲಿ ಮೆದುಳಿನಿಂದ ಹೊರಗೆ ಹಾಕಿಬಿಡುತ್ತೆ. ಬಲಗಡೆ ಬಿಳಿ ಇಲಿ, ಎಸ್‌ಜೆಎಲ್ ತಳಿ. ಇದರಲ್ಲಿ ವೈರಸ್ ಉಳಿದುಕೊಂಡು ಮಯಲಿನ್ ಹಾಳಾಗುತ್ತೆ. ಹುಡುಗಿ ಅದನ್ನು ನೋಡಿ ಕೇಳಿದಳು: "ಮೇಡಂ, ಕಪ್ಪು ಇಲಿಗೆ ಶಕ್ತಿ ಜಾಸ್ತಿ, ಬಿಳಿ ಇಲಿಗೆ ಕಡಿಮೆ ಅಂತ ಜನ ತಿಳ್ಕೊಳ್ತಾರಲ್ಲ?"

ನನ್ನ ಮಕ್ಕಳು ಯಾರೂ ಇದನ್ನು ಯೋಚಿಸಿರಲಿಲ್ಲ. ಸರಿಯಾದ ಪ್ರಶ್ನೆ. ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲಿಯನ್ನು ಬಿಳಿ ಮಾಡುವ ಜೀನ್ ಇರುವುದು 7ನೇ ಕ್ರೋಮೋಸೋಮಿನಲ್ಲಿ. ಈ ವೈರಸ್ಸಿಗೆ ತಡೆ ಕೊಡುವ ಮುಖ್ಯ ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ, ಎಚ್-2 ಅನ್ನುವ ಗುಂಪಿನಲ್ಲಿ. ಅಂಗಾಂಗ ಕಸಿ ಮಾಡಿದಾಗ ದೇಹ ಒಪ್ಪುತ್ತಾ ಇಲ್ಲವಾ ಅಂತ ನಿರ್ಧಾರ ಮಾಡುವುದೂ ಇದೇ ಗುಂಪು, ಇದರ ಕೆಲಸಕ್ಕೆ ಜಾರ್ಜ್ ಸ್ನೆಲ್ ಅವರಿಗೆ 1980ರ ನೊಬೆಲ್‌ನಲ್ಲಿ ಪಾಲು ಬಂತು. ಮನುಷ್ಯರಲ್ಲಿ ಇದಕ್ಕೆ ಸಮನಾದದ್ದು ಎಚ್‌ಎಲ್‌ಎ, 6ನೇ ಕ್ರೋಮೋಸೋಮಿನಲ್ಲಿದೆ.

ಅವಳ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗ ನಿಜಕ್ಕೂ ನಡೆದಿದೆ, ಮಕ್ಕಳ ಚಾರ್ಟಿನಲ್ಲಿ ಅದು ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಎಫ್‌ವಿಬಿ ಅಂತ ಇನ್ನೊಂದು ಬಿಳಿ ತಳಿ ಇದೆ, ಅದಕ್ಕೂ ಥೈಲರ್ ವೈರಸ್ ಉಳಿದುಕೊಳ್ಳುತ್ತೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಬ್ಲ್ಯಾಕ್ ಸಿಕ್ಸ್ ಇಲಿಯಲ್ಲಿರುವ ಎಚ್-2 ಗುಂಪಿನ ಒಂದೇ ಒಂದು ಜೀನನ್ನು, ಡಿ ಅನ್ನುವ ಜೀನಿನ ಬಿ ರೂಪವನ್ನು, ಈ ಬಿಳಿ ಇಲಿಗೆ ಸೇರಿಸಿದರು. 1994ರಲ್ಲಿ ಪ್ರಕಟವಾದ ಕೆಲಸ. ಇಲಿ ಬಿಳಿಯಾಗೇ ಉಳಿಯಿತು, ಆದರೆ ವೈರಸ್ ಉಳಿಯಲಿಲ್ಲ. ಒಂದು ಜೀನ್, ಅಷ್ಟೇ! ಪಾಠ ಮಾಡುವಾಗಲೂ ಇದನ್ನು ಹೇಳುವ ಹೊತ್ತಿಗೆ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತೆ. ಅಲ್ಲೇ ಕೂತು ಮೂರನೇ ಇಲಿಯನ್ನು ಮೂಲೆಯಿಂದ ನಡುವಿಗೆ ತಂದೆವು. ಕಪ್ಪು ಇಲಿ, ಬಿಳಿ ಇಲಿ, ಡಿ ಜೀನ್ ಸೇರಿಸಿದ ಬಿಳಿ ಇಲಿ. ಪ್ರತಿಯೊಂದರ ಕೆಳಗೂ ಅದರ ಬೆನ್ನುಹುರಿ. ಎರಡನೇದರಲ್ಲಿ ಮಾತ್ರ ಬಿಳಿಚಿದ ಕಲೆ. ಇಷ್ಟು ಮಾಡಿದ ಮೇಲೆ ಕೆಳಗಿನ ಅರ್ಧ ಬರಹವೇ ಬೇಕಾಗಲಿಲ್ಲ, ತೆಗೆದುಹಾಕಿದೆವು.

ಆ ಜೀನ್ ಏನು ಮಾಡುತ್ತೆ ಅನ್ನುವ ಚಿತ್ರವನ್ನೂ ಅವಳೇ ಸರಿ ಮಾಡಿದ್ದು. ಜೀವಕೋಶದೊಳಗೆ ತಯಾರಾಗುವ ಪ್ರೋಟೀನುಗಳ ಸಣ್ಣ ಚೂರುಗಳನ್ನು ಎಚ್-2 ಅಣು ಹೊರಮೈಗೆ ತಂದು ತೋರಿಸುತ್ತೆ. ಸಿಡಿ8 ಅನ್ನುವ ಟಿ ಕಣಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ಅದನ್ನು ಮುಟ್ಟಿ ನೋಡುತ್ತವೆ. ಮನೆಯದೇ ಚೂರಾದರೆ ಬಿಟ್ಟು ಹೋಗುತ್ತವೆ, ವೈರಸ್ಸಿನದಾದರೆ ಆ ಕೋಶದ ಮೇಲೆ ಎರಗುತ್ತವೆ. ಟಿ ಕಣಗಳು ಹೀಗೆ ಚೂರನ್ನೂ ಅಣುವನ್ನೂ ಒಟ್ಟಿಗೇ ಗುರುತಿಸುತ್ತವೆ ಅಂತ ಡೊಹೆರ್ಟಿ ಮತ್ತು ಜಿಂಕರ್‌ನಾಗೆಲ್ 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ತೋರಿಸಿದರು, ಅದೂ ಇಲಿಯ ಮೆದುಳಿಗೆ ತಗಲುವ ಇನ್ನೊಂದು ವೈರಸ್ ಇಟ್ಟುಕೊಂಡೇ. ಅವರಿಗೆ 1996ರಲ್ಲಿ ನೊಬೆಲ್ ಬಂತು. ಮಕ್ಕಳು ಆ ಅಣುವನ್ನು ಪುಸ್ತಕದಲ್ಲಿರುವ ಹಾಗೆ ಸುರುಳಿ ಸುರುಳಿಯಾಗಿ ಬಿಡಿಸಿದ್ದರು, ಯಾರಿಗೂ ತಲೆಬುಡ ಗೊತ್ತಾಗುತ್ತಿರಲಿಲ್ಲ. ಹುಡುಗಿ ಅದನ್ನು ಆರತಿ ಹರಿವಾಣದ ಹಾಗೆ ಬಿಡಿಸಿ ಅದರ ಮೇಲೆ ವೈರಸ್ಸಿನ ಚೂರು ಇಟ್ಟಳು. ಬ್ಲ್ಯಾಕ್ ಸಿಕ್ಸ್ ಇಲಿಯ ಹರಿವಾಣಕ್ಕೆ ಥೈಲರ್ ವೈರಸ್ಸಿನ ಹೊರಕವಚದ ವಿಪಿ2 ಪ್ರೋಟೀನಿನ ಹತ್ತು ಅಮೈನೊ ಆಮ್ಲದ ಒಂದು ಚೂರು ಸರಿಯಾಗಿ ಕೂರುತ್ತೆ. ಸೋಂಕಾದ ಒಂದು ವಾರಕ್ಕೆ ಆ ಇಲಿಯ ಮೆದುಳಿಗೆ ಬಂದು ಸೇರುವ ಸಿಡಿ8 ಕಣಗಳಲ್ಲಿ ಹೆಚ್ಚಿನವು ಆ ಒಂದೇ ಚೂರನ್ನು ಹುಡುಕಿಕೊಂಡು ಬಂದವು. ವೈರಸ್ ಉಳಿಯೋದಾದರೂ ಹೇಗೆ?

ಅಕ್ಷರದ ವಿಷಯದಲ್ಲೂ ಇವರು ಎಚ್ಚರ. ಡಿ ಜೀನಿನ ಹೆಸರು ಬರೆಯುವಾಗ ಡಿ ಅಕ್ಷರದ ತಲೆಯ ಮೇಲೆ ಪುಟ್ಟದಾಗಿ ಇಂಗ್ಲಿಷಿನ ಸಣ್ಣ ಬಿ ಬರಬೇಕು. ಆ ಸಣ್ಣ ಅಕ್ಷರವೇ ಅದು ಯಾವ ತಳಿಯ ರೂಪ ಅಂತ ಹೇಳೋದು. ಎಸ್‌ಜೆಎಲ್ ಇಲಿಯದು ಎಸ್, ಎಫ್‌ವಿಬಿಯದು ಕ್ಯೂ. ಹಿಂದಿನ ಅಂಗಡಿಯವರು ಎಲ್ಲವನ್ನೂ ಚೆಂದ ಕಾಣಲಿ ಅಂತ ದೊಡ್ಡ ಅಕ್ಷರ ಮಾಡಿ ಒಂದೇ ಸಾಲಿಗೆ ಇಳಿಸಿದ್ದರು. ಇಲ್ಲಿ ನಾನು ಒಂದು ಸಲ ಹೇಳಿದ್ದಕ್ಕೆ ಪ್ರತಿಯೊಂದನ್ನೂ ಕೈಯಾರೆ ಸರಿ ಮಾಡಿದರು. ಕನ್ನಡವೂ ಹಾಗೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೇ ಸಾಫ್ಟ್‌ವೇರಿಗೆ ತಂದರೆ ಒತ್ತಕ್ಷರ ಪಕ್ಕಕ್ಕೆ ಬೀಳುತ್ತೆ, ಅರ್ಕಾವತ್ತು ಎಲ್ಲೋ ಹೋಗುತ್ತೆ. ಇವರ ಹತ್ತಿರ ಯೂನಿಕೋಡ್ ಸರಿಯಾಗಿ ತೋರಿಸುವ ಹೊಸ ಆವೃತ್ತಿ ಇದೆ, ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರೂ ಇದೆ. "ಪ್ರತಿರಕ್ಷಣೆ", "ನರತಂತು" ಎಲ್ಲ ಗಟ್ಟಿಯಾಗಿ ಬಂತು.

ಒಂದು ವಿಷಯಕ್ಕೆ ಮಾತ್ರ ಸ್ವಲ್ಪ ವಾದ ಆಯಿತು. ಚಿಕ್ಕಪ್ಪನವರಿಗೆ ಮೇಲೆ ದೊಡ್ಡದಾಗಿ "ನರರೋಗ ತಡೆಯುವ ಜೀನ್ ಸಿಕ್ಕಿತು" ಅಂತ ಹಾಕೋಣ ಅಂತ ಆಸೆ. "ಜನ ನಿಲ್ಲಬೇಕಲ್ಲ ಮೇಡಂ, ಸುಮ್ನೆ ದಾಟಿ ಹೋಗ್ತಾರೆ" ಅಂದರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅಂದರೆ ಕಥೆ ಅಷ್ಟು ಸಲೀಸಾಗಿಲ್ಲ. ಪ್ರತಿರೋಧ ಇರುವ ತಳಿಯ ಇಲಿಯಲ್ಲಿ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅನ್ನುವ ಪ್ರೋಟೀನಿನ ಜೀನ್ ಕೆಡಿಸಿದರೆ ಹರಿವಾಣ ಹೊರಗೆ ಬರುವುದೇ ಇಲ್ಲ, ಸಿಡಿ8 ಕಣಗಳೂ ಬೆಳೆಯೋದಿಲ್ಲ. ಆಗ ಆ ಇಲಿಯಲ್ಲೂ ವೈರಸ್ ಉಳಿದು ಮಯಲಿನ್ ಹೋಗುತ್ತೆ. ಇಲ್ಲಿವರೆಗೆ ನಿರೀಕ್ಷಿಸಿದ ಹಾಗೇ. ಆದರೆ ಅಮೆರಿಕದ ಮೇಯೊ ಕ್ಲಿನಿಕ್‌ನ ಮೋಸೆಸ್ ರೊಡ್ರಿಗಸ್ ಅವರ ತಂಡ 1998ರಲ್ಲಿ ನೋಡಿದ್ದು ಬೇರೆಯೇ: ಬೆನ್ನುಹುರಿಯಲ್ಲಿ ಅಷ್ಟೊಂದು ಮಯಲಿನ್ ಹೋಗಿದ್ದರೂ ಈ ಇಲಿಗಳ ನಡಿಗೆ ಹೆಚ್ಚು ಕಡಿಮೆ ಚೆನ್ನಾಗೇ ಇತ್ತು! ನರತಂತುಗಳು ಉಳಿದುಕೊಂಡಿದ್ದವು. ಅಂದರೆ ವೈರಸ್ಸನ್ನು ಓಡಿಸುವ ಅದೇ ಸಿಡಿ8 ಕಣಗಳು, ವೈರಸ್ ಹೋಗದೇ ಉಳಿದಾಗ ನರಗಳಿಗೆ ಪೆಟ್ಟು ಕೊಡುವುದರಲ್ಲಿ ಪಾಲುದಾರರು ಅಂತ ಆಯಿತಲ್ವಾ? ಬೇಗ ಬಂದು ಕೆಲಸ ಮುಗಿಸಿದರೆ ರಕ್ಷಣೆ, ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಹಾನಿ. ಜೊತೆಗೆ ಎಚ್-2 ಒಂದೇ ಅಲ್ಲ. 10ನೇ ಕ್ರೋಮೋಸೋಮಿನಲ್ಲಿ, ವೈರಸ್ ವಿರುದ್ಧ ದೇಹವನ್ನು ಎಚ್ಚರಿಸುವ ಇಂಟರ್‌ಫೆರಾನ್ ಗಾಮಾ ಅನ್ನುವ ಪ್ರೋಟೀನಿನ ಜೀನಿನ ಪಕ್ಕದಲ್ಲೂ ಈ ವೈರಸ್ ಉಳಿಯುತ್ತಾ ಹೋಗುತ್ತಾ ಅಂತ ತೀರ್ಮಾನಿಸುವ ಜಾಗ ಇದೆ. ಅಲ್ಲಿಂದ ಪ್ರೋಟೀನೇ ತಯಾರಾಗೋದಿಲ್ಲ, ಬರೀ ಒಂದು ಆರ್‌ಎನ್‌ಎ ತಯಾರಾಗುತ್ತೆ, ಅದು ಪಕ್ಕದ ಜೀನಿನ ಕೆಲಸ ಏರಿಸುತ್ತೆ. ಇಷ್ಟೆಲ್ಲ ಇರುವಾಗ "ಜೀನ್ ಸಿಕ್ಕಿತು" ಅಂತ ಹೇಗೆ ಬರೆಯೋದು? ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು, ತಾವೇ ಅದನ್ನು ಅಳಿಸಿದರು. "ಒಂದೇ ವೈರಸ್, ಮೂರು ಇಲಿ" ಅಂತ ಹಾಕಿದೆವು. ಜನ ನಿಂತು ನೋಡಿದರು.

ಕೊನೆಯ ಭಾಗ ಮಂಗನ ಕಾಯಿಲೆಯ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ವೈರಸ್, ನರ, ಜ್ವರ ಅಂತ ಚಾರ್ಟ್ ಮಾಡಿ ಅದನ್ನು ಬಿಡೋಕೆ ಆಗೋದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಬರುವ ಕಾಯಿಲೆ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಮರುಕಳಿಸಿದಾಗ ನರಮಂಡಲದ ತೊಂದರೆ ಕಾಣಿಸಿಕೊಳ್ಳುತ್ತೆ. ಇದು ಥೈಲರ್ ವೈರಸ್ಸಿನ ಕುಟುಂಬ ಅಲ್ಲ, ಫ್ಲೇವಿವೈರಸ್ ಗುಂಪಿನದು. ಆ ಗುಂಪಿಗೂ ಇಲಿಗಳಲ್ಲಿ ತಡೆ ಕೊಡುವ ಜೀನ್ ಇದೆ. ಕೆಲವು ಇಲಿಗಳು ತಡೆದುಕೊಳ್ಳುತ್ತವೆ ಅಂತ 1930ರ ದಶಕದಿಂದಲೇ ಗೊತ್ತಿತ್ತು. 2002ರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಎರಡು ತಂಡಗಳು ಅದು 5ನೇ ಕ್ರೋಮೋಸೋಮಿನ ಓಎಎಸ್1ಬಿ ಜೀನ್ ಅಂತ ತೋರಿಸಿದವು. ಲ್ಯಾಬಿನ ಹೆಚ್ಚಿನ ತಳಿಗಳಲ್ಲಿ ಆ ಜೀನಿನಲ್ಲಿ ದೋಷ ಇದ್ದು ಅದರ ಪ್ರೋಟೀನ್ ಪೂರ್ತಿ ತಯಾರಾಗೋದಿಲ್ಲ, ಇದೇ ಗುಂಪಿನ ವೆಸ್ಟ್ ನೈಲ್ ವೈರಸ್ಸಿಗೆ ಅವು ಸುಲಭವಾಗಿ ಸಾಯುತ್ತವೆ. ಥೈಲರ್ ವೈರಸ್ಸನ್ನು ಗೆಲ್ಲುವ ಬ್ಲ್ಯಾಕ್ ಸಿಕ್ಸ್ ಕೂಡ ಇಲ್ಲಿ ಸೋಲುತ್ತೆ. ಅಲ್ಲಿಗೆ ಯಾವ ಇಲಿಗೂ ಎಲ್ಲಕ್ಕೂ ತಡೆಯುವ ಶಕ್ತಿ ಅಂತ ಇಲ್ಲ.

ಈ ಭಾಗವನ್ನು ನಾವು ಬೇರೆ ಬಣ್ಣದ ಚೌಕಟ್ಟಿನಲ್ಲಿ ಹಾಕಬೇಕು ಅಂತ ಕೇಳಿದ್ದೆವು, ಎರಡು ವೈರಸ್ ಕಲಸಿಹೋಗಬಾರದು ಅಂತ. ಅವರು ಚೌಕಟ್ಟಿನ ಜೊತೆ ಹಿನ್ನೆಲೆಯನ್ನೂ ತಿಳಿ ಹಸಿರು ಮಾಡಿಕೊಟ್ಟರು. ಪ್ರದರ್ಶನದ ದಿನ ಸಿದ್ದಾಪುರ ಕಡೆಯಿಂದ ಬಂದಿದ್ದ ಒಬ್ಬ ತಂದೆ ಇದೇ ಹಸಿರು ಚೌಕದ ಮುಂದೆ ನಿಂತು, "ದರಕು ತರೋಕೆ ಒಂದೇ ಮನೆಯಿಂದ ಇಬ್ಬರು ಹೋದರೆ ಒಬ್ಬರಿಗೆ ಬರ್ತದೆ, ಒಬ್ಬರಿಗಿಲ್ಲ, ಇದಕ್ಕೇನಾ ಕಾರಣ?" ಅಂತ ನಮ್ಮ ಹುಡುಗಿಯೊಬ್ಬಳನ್ನು ಕೇಳಿದರು. ಅವಳು ಚೆನ್ನಾಗಿ ಹೇಳಿದಳು: ಇಲಿಗಳಿಗೆ ಒಂದೇ ಪ್ರಮಾಣ ಅಳತೆ ಮಾಡಿ ಕೊಟ್ಟಿರ್ತಾರೆ, ಕಾಡಿಗೆ ಹೋದ ಇಬ್ಬರಲ್ಲಿ ಯಾರಿಗೆ ಎಷ್ಟು ಉಣುಗು ಕಚ್ಚಿತು, ಅದರಲ್ಲಿ ವೈರಸ್ ಇತ್ತಾ ಅಂತ ಯಾರೂ ಅಳೆದಿಲ್ಲ, ಅದಕ್ಕೆ ಜೀನ್ ಅಂತ ಹೇಳೋಕೆ ಬರೋದಿಲ್ಲ, ಉಣುಗು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗಿ. ನನಗೆ ತುಂಬಾ ಖುಷಿ ಆಯಿತು.

ಈಗ ಸಾಮಾನಿನ ಗುಣಮಟ್ಟ. ಎ0 ಅಳತೆ, ಅಂದರೆ 841 ಮಿಲಿಮೀಟರ್ ಅಗಲ, 1189 ಉದ್ದ. ವಿನೈಲ್ ಮೇಲೆ ಪ್ರಿಂಟ್ ತೆಗೆದು ಸನ್‌ಬೋರ್ಡ್‌ಗೆ ಅಂಟಿಸಿ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದ್ದು. ಗ್ಲಾಸಿ ಬೇಡ, ಹಾಲಿನ ದೀಪ ಹೊಳೆದು ನೀಲಿ ಕಾಣೋದೇ ಇಲ್ಲ. ಬಟ್ಟೆ ಬ್ಯಾನರ್ ಅಗ್ಗ, ಆದರೆ ಶಾಯಿ ಸ್ವಲ್ಪ ಹರಡುತ್ತೆ, ತಲೆ ಮೇಲಿನ ಪುಟ್ಟ ಅಕ್ಷರಗಳು ಮುದ್ದೆಯಾಗುತ್ತವೆ, ಇಂಥ ಚಾರ್ಟಿಗೆ ಆಗೋದಿಲ್ಲ. ಮಳೆಗಾಲ ದಾಟಿದ ಮೇಲೂ ನಮ್ಮ ಲ್ಯಾಬಿನ ಗೋಡೆಯ ಮೇಲೆ ಬೋರ್ಡ್ ಬಾಗಿಲ್ಲ, ಅಂಚು ಎದ್ದಿಲ್ಲ, ಬಣ್ಣ ಹಾಗೇ ಇದೆ. ಶಿರಸಿಯ ಮಳೆಗೆ ಇದು ದೊಡ್ಡ ವಿಷಯ. ದರ ಚದರ ಅಡಿ ಲೆಕ್ಕ, ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ, ಸ್ಯಾಂಪಲ್ ಹಾಳೆಗೆ ಬೇರೆ ದುಡ್ಡು. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ ಸಮಯ. ಹೇಳಿದ ದಿನಕ್ಕೆ ಕೊಡಲಿಲ್ಲ. ಫೋನ್ ಎತ್ತೋದೂ ಅಪರೂಪ. ಪ್ರದರ್ಶನದ ಹಿಂದಿನ ಸಂಜೆ ನಾನೂ ಮಕ್ಕಳೂ ಅಂಗಡಿ ಮುಂದೆ ನಿಂತು, ಅಂಟು ಇನ್ನೂ ಪೂರ್ತಿ ಒಣಗದ ಬೋರ್ಡನ್ನು ಹಿಡಿದುಕೊಂಡು ಹೋಗಬೇಕಾಯಿತು. ಮೊದಲೇ ಒಂದು ಮಾತು ಹೇಳಿದ್ದರೆ ಆ ಗಡಿಬಿಡಿ ಇರುತ್ತಿರಲಿಲ್ಲ. ಕೆಲಸ ಇಷ್ಟು ಚೆನ್ನಾಗಿ ಮಾಡೋರು ಇದನ್ನೂ ಸರಿ ಮಾಡಿಕೊಳ್ಳಬೇಕು.

ಹೋಗೋರು ಫೈಲನ್ನು ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಬೇಡಿ, ಚಿಕ್ಕದಾಗಿ ಮಸುಕಾಗುತ್ತೆ. ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ತಗೊಂಡು ಹೋಗಿ, ಬಳಸಿದ ಫಾಂಟ್‌ಗಳನ್ನೂ ಜೊತೆಗೆ ಇಡಿ. ಬಣ್ಣ ಮುಖ್ಯ ಆದರೆ ಯಾಕೆ ಮುಖ್ಯ ಅಂತ ಡಿಸೈನ್ ಮಾಡುವ ಹುಡುಗಿಗೆ ಹೇಳಿ, ಬೆಳಿಗ್ಗೆ ಹೋದರೆ ಅವಳಿಗೆ ಕೂತು ಕೇಳೋಕೆ ಪುರುಸೊತ್ತು ಇರುತ್ತೆ. ಮಾರಿಕಾಂಬಾ ಜಾತ್ರೆ ಇರುವ ವರ್ಷ ಫೆಬ್ರವರಿ ಮಾರ್ಚ್‌ನಲ್ಲಿ ಬ್ಯಾನರ್ ಕೆಲಸ ತುಂಬಿಹೋಗಿರುತ್ತೆ, ವಿಜ್ಞಾನ ದಿನದ ಚಾರ್ಟ್ ಇದ್ದರೆ ಜನವರಿಯಲ್ಲೇ ಕೊಟ್ಟುಬಿಡಿ.